ಕಲುಷಿತ ನೀರಿಗೆ ಸಸ್ಯರಸದ ಲೋಹಕಣಗಳು



ಬೆಂಗಳೂರಿನ ಚರಂಡಿ ನೀರನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತ ವೃಷಭಾವತಿಯು ಬೈರಮಂಗಲದತ್ತ ಹರಿಯುತ್ತದೆ. ಇಂಥ ನೀರಿನಲ್ಲಿ ಸಾರಜನಕ, ರಂಜಕಗಳಿರುವುದರಿಂದ ಬೆಳೆ ಹುಲುಸಾಗಿ ಕಾಣುವುದುಂಟು. ಆದರೆ ಕಾರ್ಖಾನೆ ನೀರಿನೊಡನೆ ಬರುವ ಕ್ರೋಮಿಯಂ, ಸೀಸ, ಕ್ಯಾಡ್ಮಿಯಂಗಳು ಕೊಳೆತು ಹೋಗುವ ವಸ್ತುಗಳಲ್ಲ. ಅವು ಮಣ್ಣಿನಲ್ಲಿ ಶೇಖರವಾಗಿ, ಸೊಪ್ಪು ಮತ್ತು ಮೇವಿನ ಮೂಲಕ ಮನುಷ್ಯರನ್ನೂ ದನಕರುಗಳನ್ನೂ ಸೇರುತ್ತವೆ.

ಇಂಥ ನೀರನ್ನು ಶುದ್ಧಿಗೊಳಿಸಲು ಸಸ್ಯರಸದಿಂದ ತಯಾರಿಸಿದ ನ್ಯಾನೋ ಲೋಹಕಣಗಳನ್ನು ವಿಜ್ಞಾನಿಗಳು ಪ್ರಯೋಗಿಸುತ್ತಿದ್ದಾರೆ. ಮೀಟರಿನ ನೂರು ಕೋಟಿಯಲ್ಲೊಂದು ಭಾಗವೇ ನ್ಯಾನೋಮೀಟರು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು 2004ರಲ್ಲಿ ಬೇವಿನೆಲೆಯ ಕಷಾಯದಿಂದ ಬೆಳ್ಳಿ, ಚಿನ್ನದ ಕಣಗಳನ್ನು ತಯಾರಿಸಿದರು. 2009ರಲ್ಲಿ ಅಮೆರಿಕದ ವಿಜ್ಞಾನಿಗಳು ಚಹಾ ರಸದಿಂದ ಕಬ್ಬಿಣದ ಕಣಗಳನ್ನು ಪಡೆದು, ಹೈಡ್ರೋಜನ್ ಪೆರಾಕ್ಸೈಡಿನೊಡನೆ ಬಳಸಿ ಬಣ್ಣದ ನೀರನ್ನು ತಿಳಿಗೊಳಿಸಿದರು. ಎಲೆಯಲ್ಲಿರುವ ಚೊಗರು ಪದಾರ್ಥಗಳು ಕರಗಿದ ಲವಣವನ್ನು ಲೋಹಕಣವಾಗಿ ಮಾರ್ಪಡಿಸುವುದೇ ಇದರ ಮರ್ಮ.

ಕಣ ಚಿಕ್ಕದಾದಷ್ಟೂ ಕೆಲಸ ಹೆಚ್ಚು. ಒಂದು ಘನ ಸೆಂಟಿಮೀಟರ್ ಲೋಹದ ತುಂಡಿನ ಮೇಲ್ಮೈ 6 ಚದರ ಸೆಂಟಿಮೀಟರು. ಅದನ್ನೇ 10 ನ್ಯಾನೋಮೀಟರಿನ ಘನಗಳಾಗಿ ಒಡೆದರೆ ಮೇಲ್ಮೈ 600 ಚದರ ಮೀಟರು, ಅಂದರೆ ಸುಮಾರು 6 ಗುಂಟೆಯಷ್ಟಾಗುತ್ತದೆ. ಈ ಮೇಲ್ಮೈಗೆ ಭಾರಲೋಹಗಳು ಅಂಟಿಕೊಳ್ಳುತ್ತವೆ. ನೀರಿನಲ್ಲಿ ಕರಗಿರುವ ಕಡುವಿಷದ ಕ್ರೋಮಿಯಂ, ಕಬ್ಬಿಣದ ಕಣಗಳ ಸಂಪರ್ಕದಿಂದ ಸುಲಭವಾಗಿ ಕರಗದ, ವಿಷ ಕಡಿಮೆಯಿರುವ ರೂಪಕ್ಕೆ ತಿರುಗಿ ತಳಕ್ಕಿಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಲೋಹ ನಾಶವಾಗುವುದಿಲ್ಲ, ನೀರಿನಿಂದ ಕೆಸರಿಗೆ ವರ್ಗವಾಗುತ್ತದೆ, ಅಷ್ಟೆ. ಆ ಕೆಸರನ್ನು ಗೊಬ್ಬರವೆಂದು ಹೊಲಕ್ಕೆ ಹಾಕಕೂಡದು. ಬೆಳ್ಳಿಯ ಕಣಗಳು ಮಣ್ಣಿನ ಉಪಯುಕ್ತ ಸೂಕ್ಷ್ಮಜೀವಿಗಳನ್ನೂ ಕೊಲ್ಲಬಲ್ಲವು. ಆದ್ದರಿಂದ ಇದು ಬಾವಿಗೋ ಕೆರೆಗೋ ಸುರಿಯುವ ಪುಡಿಯಲ್ಲ. ಕೆಸರನ್ನು ಬೇರ್ಪಡಿಸುವ ಏರ್ಪಾಡಿರುವ ಕಾರ್ಖಾನೆಯ ಶುದ್ಧೀಕರಣ ತೊಟ್ಟಿಯೇ ಇದಕ್ಕೆ ತಕ್ಕ ಸ್ಥಳ.

ಅಲ್ಲಿಯವರೆಗೆ ರೈತರು ಈ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು:

1. ನೀರಿನ ಸಾಮಾನ್ಯ ಪರೀಕ್ಷೆಯಲ್ಲಿ ಉಪ್ಪು, ಕ್ಷಾರ ಮಾತ್ರ ತಿಳಿಯುತ್ತವೆ. ಭಾರಲೋಹಗಳ ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೇಳಿ ಮಾಡಿಸಬೇಕು. ನೀರಾವರಿ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು.

2. ಸಂಶಯವಿರುವ ನೀರಿನಿಂದ ಸೊಪ್ಪು, ಮೂಲಂಗಿ, ಕ್ಯಾರೆಟ್, ಮೇವು ಬೆಳೆಯಬಾರದು. ಹೂ ಅಥವಾ ಮರಮುಟ್ಟಿನ ಗಿಡಗಳನ್ನು ಆರಿಸಬಹುದು.

3. ಹುಳಿ ಮಣ್ಣಿನಿಂದ ಬೆಳೆಗೆ ಸೀಸ, ಕ್ಯಾಡ್ಮಿಯಂ ಹೆಚ್ಚಾಗಿ ಸೇರುತ್ತವೆ. ಮಣ್ಣು ಪರೀಕ್ಷೆಯಂತೆ ಸುಣ್ಣ ಹಾಕಬೇಕು.

ಹೊಲ ಸೇರಿದ ಲೋಹವನ್ನು ಹೊರತೆಗೆಯುವುದು ಬಲು ಕಷ್ಟ. ಕಾರ್ಖಾನೆಯ ಬಾಗಿಲಲ್ಲೇ ಅದನ್ನು ತಡೆಯಬೇಕು.