ಅಜ್ಜಿಯ ನೆನಪು, ವಂಶವಾಹಿಯ ಓದು

(ಸಂಘದ ಯುಗಾದಿ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಹಬ್ಬದೂಟಕ್ಕೆ ಮುಂಚೆ ವೈದ್ಯನೊಬ್ಬನ ಭಾಷಣವನ್ನು ಇಟ್ಟಿರುವ ಸಂಘದ ಧೈರ್ಯವನ್ನು ಮೆಚ್ಚಲೇಬೇಕು. ಒಬ್ಬಟ್ಟಿನ ವಿಷಯದಲ್ಲಿ ನಾನು ಏನನ್ನೂ ಹೇಳುವುದಿಲ್ಲವೆಂದು ಮೊದಲೇ ಮಾತು ಕೊಡುತ್ತೇನೆ.

ಎಂ.ಬಿ.ಬಿ.ಎಸ್. ಮುಗಿಸಿ ಅಮೆರಿಕಕ್ಕೆ ಬಂದ ನಾನು ರೆಸಿಡೆನ್ಸಿಯ ನಂತರ ಹಿಡಿದದ್ದು ವೈದ್ಯಕೀಯ ತಳಿಶಾಸ್ತ್ರದ ದಾರಿ. ರೋಗಿಯ ರಕ್ತದಿಂದ ತೆಗೆದ ಡಿ.ಎನ್.ಎ.ಯ ಅಕ್ಷರಮಾಲೆಯನ್ನು ಓದಿ, ರೋಗಕ್ಕೆ ಕಾರಣವಾದ ಬದಲಾವಣೆ ಅದರಲ್ಲಿ ಇದೆಯೇ ಎಂದು ಹುಡುಕುವುದು ನನ್ನ ನಿತ್ಯದ ಕಾಯಕ. ಆ ಕೆಲಸದ ನಡುವೆ ಹೊಳೆದ ಕೆಲವು ವಿಚಾರಗಳನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇನೆ.

ತಾಯಿಯಿಂದ ಒಂದು, ತಂದೆಯಿಂದ ಒಂದು ಎಂಬಂತೆ ಎರಡು ಗ್ರಂಥಗಳನ್ನು ನಾವು ಪಡೆದು ಬಂದಿರುತ್ತೇವೆ. ಒಂದೊಂದರಲ್ಲಿಯೂ ಸುಮಾರು 300 ಕೋಟಿ ಅಕ್ಷರಗಳು. ಆದರೆ ವರ್ಣಮಾಲೆಯಲ್ಲಿರುವುದು ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರ. ಈ ಗ್ರಂಥದ ಕರಡು ಸಿದ್ಧವಾಯಿತೆಂದು 2000ದ ಜೂನ್ 26ರಂದು ಘೋಷಿಸಲಾಯಿತು. 2003ರಲ್ಲಿ ಯೋಜನೆ ಮುಗಿಯಿತು. ಆಗ ಓದಲಾಗದೆ ಉಳಿದಿದ್ದ ಭಾಗಗಳು ತುಂಬಿದ್ದು 2022ರಲ್ಲಿ.

ಪ್ರಯೋಗಾಲಯದಲ್ಲಿ ನಾವು ಮಾಡುವುದಿಷ್ಟೆ. ರೋಗಿಯ ಅಕ್ಷರಮಾಲೆಯನ್ನು ಒಂದು ಮಾದರಿ ಪ್ರತಿಯ ಪಕ್ಕದಲ್ಲಿಟ್ಟು ವ್ಯತ್ಯಾಸಗಳನ್ನು ಗುರುತಿಸುತ್ತೇವೆ. ಆ ಮಾದರಿ ಪ್ರತಿಯ ಸುಮಾರು ಶೇಕಡಾ 70 ಭಾಗ, ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ಪತ್ರಿಕಾ ಜಾಹೀರಾತನ್ನು ಕಂಡು ರಕ್ತ ಕೊಟ್ಟವರ ಪೈಕಿ ಒಬ್ಬನೇ ವ್ಯಕ್ತಿಯದು. ಅದಕ್ಕೂ ನಮ್ಮಲ್ಲಿ ಯಾರೊಬ್ಬರ ಪ್ರತಿಗೂ 40ರಿಂದ 50 ಲಕ್ಷ ಕಡೆಗಳಲ್ಲಿ ವ್ಯತ್ಯಾಸವಿರುತ್ತದೆ. ಬಹುಪಾಲು ವ್ಯತ್ಯಾಸಗಳು ನಿರಪಾಯಕಾರಿ. ಯಾವುದು ರೋಗಕಾರಕ, ಯಾವುದು ಬರಿಯ ವೈವಿಧ್ಯ ಎಂದು ತೀರ್ಮಾನಿಸುವುದೇ ಕಷ್ಟದ ಕೆಲಸ.

ಮೈಸೂರಿನ ಕನ್ನಡವೊಂದನ್ನೇ ಕೇಳಿ ಬೆಳೆದ ಮೇಷ್ಟ್ರೊಬ್ಬರು ಧಾರವಾಡದ ಹುಡುಗನ ಬರಹವನ್ನು ತಿದ್ದುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಅವನು ‘ಹೋಗ್ಯಾರ’ ಎಂದು ಬರೆದ ಕಡೆಯಲ್ಲೆಲ್ಲ ಅವರು ಕೆಂಪು ಗೆರೆ ಎಳೆಯುತ್ತಾರೆ. ಅದು ತಪ್ಪಲ್ಲ, ಆ ಸೀಮೆಯ ಮಾತು ಎಂದು ತಿಳಿಯಬೇಕಾದರೆ ಆ ಸೀಮೆಯ ಜನರ ಮಾತನ್ನು ಅವರು ಕೇಳಿರಬೇಕು. ಮಾನವಕುಲದಲ್ಲಿ ನಾವು ಹೆಚ್ಚಾಗಿ ಕೇಳಿರುವುದು ಒಂದೇ ಸೀಮೆಯ ಮಾತನ್ನು. ರೋಗಕ್ಕೂ ವಂಶವಾಹಿಗೂ ಇರುವ ನಂಟನ್ನು ಹುಡುಕುವ ದೊಡ್ಡ ಅಧ್ಯಯನಗಳಲ್ಲಿ ಪಾಲುಗೊಂಡವರ ಪೈಕಿ ಯೂರೋಪು ಮೂಲದವರ ಪ್ರಮಾಣ 2009ರಲ್ಲಿ ಶೇಕಡಾ 96 ಇತ್ತು. 2016ರ ಲೆಕ್ಕದಲ್ಲಿಯೂ ಅದು ಶೇಕಡಾ 81.

ಇದರ ಪರಿಣಾಮ ಏನೆಂಬುದಕ್ಕೆ ಒಂದು ನಿದರ್ಶನ ಸಾಕು. ಹೃದಯದ ಸ್ನಾಯು ದಪ್ಪವಾಗುವ ಆನುವಂಶಿಕ ರೋಗವೊಂದಿದೆ. ಅದಕ್ಕೆ ಕಾರಣವೆನ್ನಲಾಗಿದ್ದ ಕೆಲವು ಬದಲಾವಣೆಗಳು ಆರೋಗ್ಯವಂತ ಕಪ್ಪು ಅಮೆರಿಕನ್ನರಲ್ಲಿ ಸಾಮಾನ್ಯವಾಗಿಯೇ ಇವೆಯೆಂದು 2016ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ವರದಿಯಾಯಿತು. ಅಷ್ಟರೊಳಗೆ ಹಲವರಿಗೆ ಆ ಬದಲಾವಣೆಗಳು ರೋಗಕಾರಕವೆಂಬ ವರದಿ ಹೋಗಿಯಾಗಿತ್ತು. ಮೂಲ ಅಧ್ಯಯನಗಳು ಹೋಲಿಕೆಗೆ ಅವರ ಜನರನ್ನು ಸ್ವಲ್ಪವಾದರೂ ಸೇರಿಸಿಕೊಂಡಿದ್ದರೆ ಈ ಪ್ರಮಾದ ನಡೆಯುತ್ತಿರಲಿಲ್ಲ. ನಮ್ಮವರ ವರದಿಗಳಲ್ಲಿ ನಾನು ಪದೇ ಪದೇ ಕಾಣುವ ವಾಕ್ಯ ಇನ್ನೊಂದು: ‘ಈ ಬದಲಾವಣೆಯ ಅರ್ಥ ಅನಿಶ್ಚಿತ.’

ಇನ್ನು ನಮ್ಮ ಸಮಾಜದ ವಿಷಯ. ನಮ್ಮಲ್ಲಿ ಜಾತಿಯೊಳಗೇ, ಉಪಪಂಗಡದೊಳಗೇ ಮದುವೆಯಾಗುವ ಪದ್ಧತಿ ಶತಮಾನಗಳಿಂದ ನಡೆದುಬಂದಿದೆ. ಗೋತ್ರ ನೋಡುತ್ತೇವಲ್ಲ ಎನ್ನಬಹುದು. ಗೋತ್ರವು ತಂದೆಯ ಕಡೆಯ ಒಂದೇ ಎಳೆಯನ್ನು ಹಿಡಿಯುತ್ತದೆ. ಉಳಿದ ಎಳೆಗಳು ಅದರ ಕಣ್ಣಿಗೆ ಬೀಳುವುದಿಲ್ಲ. ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅವುಗಳಲ್ಲಿ 81 ಸಮುದಾಯಗಳು ಕೆಲವೇ ಪೂರ್ವಜರಿಂದ ಬೆಳೆದು ಬಂದಿರುವುದರ ಬಲವಾದ ಗುರುತನ್ನು ಹೊತ್ತಿವೆ ಎಂದು ತೋರಿಸಿತು. ವೈಶ್ಯ ಸಮುದಾಯವನ್ನು ಅದು ಉದಾಹರಿಸುತ್ತದೆ. ಶಸ್ತ್ರಚಿಕಿತ್ಸೆಯ ಮುನ್ನ ಸ್ನಾಯುಗಳನ್ನು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಎಂಬ ಔಷಧವನ್ನು ಕೊಡುವುದುಂಟು. ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಇಳಿಯಬೇಕಾದ ಅದರ ಪರಿಣಾಮ, ಅದನ್ನು ಕರಗಿಸುವ ಕಿಣ್ವದ ಕೊರತೆಯಿರುವವರಲ್ಲಿ ಗಂಟೆಗಟ್ಟಲೆ ಉಳಿಯುತ್ತದೆ. ಅಷ್ಟು ಹೊತ್ತೂ ಯಂತ್ರವೇ ಉಸಿರಾಡಿಸಬೇಕು. ಈ ಕೊರತೆ ವೈಶ್ಯರಲ್ಲಿ ಇತರರಿಗಿಂತ 100 ಪಟ್ಟಿಗೂ ಹೆಚ್ಚು. ಮುಂಚಿತವಾಗಿ ಗೊತ್ತಿದ್ದರೆ ಅರಿವಳಿಕೆ ತಜ್ಞರು ಬೇರೆ ಔಷಧ ಬಳಸುತ್ತಾರೆ, ಅಷ್ಟೆ. ಯಾವ ಸಮುದಾಯಕ್ಕೂ ಇದು ಕಳಂಕವಲ್ಲ. ಒಂದಲ್ಲ ಒಂದು ದೋಷಯುಕ್ತ ಪ್ರತಿಯನ್ನು ಹೊತ್ತಿರದ ಮನುಷ್ಯನೇ ಇಲ್ಲ.

ಸೋದರಮಾವನ ಮದುವೆ, ಅತ್ತೆಯ ಮಗನ ಮದುವೆ ನಮಗೆ ಹೊಸದಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ಜನಿಸಿದ ಶಿಶುಗಳನ್ನು ಕುರಿತ ದೊಡ್ಡ ಅಧ್ಯಯನದಲ್ಲಿ, ಸುಮಾರು ಮೂರರಲ್ಲಿ ಒಂದು ಮಗುವಿನ ತಂದೆತಾಯಿ ರಕ್ತಸಂಬಂಧಿಗಳಾಗಿದ್ದರು. ಆ ಶಿಶುಗಳ ಓರಗೆಯವರೇ ಇಂದು ಈ ಸಭೆಯಲ್ಲಿ ತಂದೆತಾಯಿಗಳಾಗಿ ಕುಳಿತಿದ್ದಾರೆ. ಆದರೆ ಇಲ್ಲಿಯ ವೈದ್ಯರು ‘ನೀವಿಬ್ಬರೂ ಸಂಬಂಧಿಗಳೇ?’ ಎಂದು ಕೇಳಿದಾಗ, ನಮ್ಮನ್ನು ಏನೆಂದುಕೊಂಡಾರೋ ಎಂಬ ಸಂಕೋಚದಿಂದ ‘ಇಲ್ಲ’ ಎಂದು ಬಿಡುತ್ತೇವೆ.

ಗುರುತು ಸಿಗದಂತೆ ಒಂದು ಪ್ರಸಂಗವನ್ನು ಹೇಳುತ್ತೇನೆ. ಹುಟ್ಟಿನಿಂದ ಕಿವಿ ಮಂದವಾಗಿದ್ದ ಮಗುವೊಂದರಲ್ಲಿ, ಒಂದು ವಂಶವಾಹಿಯ ಎರಡೂ ಪ್ರತಿಗಳಲ್ಲಿ ಒಂದೇ ಬದಲಾವಣೆ ಕಂಡಿತು. ಅರ್ಥ ಅನಿಶ್ಚಿತ. ಸಂಬಂಧವೇನೂ ಇಲ್ಲವೆಂದು ತಂದೆತಾಯಿ ಬರೆದುಕೊಟ್ಟಿದ್ದರು. ಮುಂದಿನ ಭೇಟಿಗೆ ಜೊತೆಯಲ್ಲಿ ಬಂದಿದ್ದ ಮಗುವಿನ ಅಜ್ಜಿ ಮಗಳತ್ತ ತಿರುಗಿ, “ಅಲ್ಲ ಕಣೇ, ನಮ್ಮಮ್ಮನೂ ಅಳಿಯಂದಿರ ಅಜ್ಜಿಯೂ ಒಡಹುಟ್ಟಿದವರಲ್ಲವೇ? ಆ ಮನೆಯ ನಮ್ಮ ಸೋದರಮಾವನ ಮಗನಿಗೂ ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ” ಎಂದರು. ಮಗಳು ತಲೆ ತಗ್ಗಿಸಿದರು. ನನಗಾದರೋ ಕತ್ತಲೆಯಲ್ಲಿ ಯಾರೋ ದೀಪ ಹಿಡಿದಂತಾಯಿತು. ಆ ಹಿರಿಯರು ಬೆಂಗಳೂರಿನಲ್ಲಿಯೇ ಒಪ್ಪಿಗೆಯಿಂದ ಪರೀಕ್ಷೆ ಮಾಡಿಸಿಕೊಂಡರು. ಅವರಲ್ಲಿಯೂ ಎರಡೂ ಪ್ರತಿಗಳಲ್ಲಿ ಅದೇ ಬದಲಾವಣೆ. ಕಿವಿ ಚೆನ್ನಾಗಿದ್ದ ಅವರ ತಮ್ಮ ತಂಗಿಯರಲ್ಲಿ ಹಾಗಿರಲಿಲ್ಲ. ಅನಿಶ್ಚಿತವಾಗಿದ್ದ ಸಾಲಿಗೆ ಅರ್ಥ ದೊರಕತೊಡಗಿತು. ಕೋಟ್ಯಂತರ ಡಾಲರುಗಳ ಯಂತ್ರಗಳು ಕೊಡಲಾರದ ಮಾಹಿತಿ ಆ ತಾಯಿಯ ನೆನಪಿನಲ್ಲಿತ್ತು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಮೂರು. ಮೊದಲನೆಯದು, ಮೂರು ತಲೆಮಾರಿನ ವಂಶವೃಕ್ಷವನ್ನು ಬರೆದಿಡಿ. ಯಾರು ಯಾರನ್ನು ವರಿಸಿದರು, ಯಾರಿಗೆ ಯಾವ ವಯಸ್ಸಿನಲ್ಲಿ ಯಾವ ಕಾಯಿಲೆ ಬಂತು, ಚಿಕ್ಕಂದಿನಲ್ಲಿಯೇ ತೀರಿಕೊಂಡ ಮಕ್ಕಳೆಷ್ಟು ಎಂಬುದೆಲ್ಲ ಅದರಲ್ಲಿರಲಿ. ಎರಡನೆಯದು, ವೈದ್ಯರು ಕೇಳಿದಾಗ ಸಂಬಂಧವನ್ನು ಮರೆಮಾಚಬೇಡಿ. ಮೂರನೆಯದು, ಪರೀಕ್ಷೆಗೆ ಮುನ್ನ ಕಾನೂನನ್ನು ತಿಳಿಯಿರಿ. ಈ ದೇಶದ 2008ರ ಶಾಸನವು ಆರೋಗ್ಯ ವಿಮೆ ಹಾಗೂ ಉದ್ಯೋಗಗಳಲ್ಲಿ ತಳಿಮಾಹಿತಿಯ ಆಧಾರದ ಮೇಲೆ ಭೇದವೆಣಿಸುವುದನ್ನು ನಿಷೇಧಿಸುತ್ತದೆ. ಜೀವವಿಮೆಗೆ ಅದರ ರಕ್ಷಣೆಯಿಲ್ಲ.

ತಾಯ್ನಾಡಿನಲ್ಲಿಯೂ ಕೆಲಸ ಸಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ 2020ರಲ್ಲಿ ಆರಂಭವಾದ ಜೀನೋಮ್ ಇಂಡಿಯಾ ಯೋಜನೆ ಸುಮಾರು 10,000 ಭಾರತೀಯರ ಜೀನೋಮುಗಳನ್ನು ಓದಿತು. 2025ರ ಜನವರಿಯಿಂದ ಆ ದತ್ತಾಂಶ ಸಂಶೋಧಕರಿಗೆ ದೊರೆಯತೊಡಗಿದೆ. ನಮ್ಮ ಸೀಮೆಯ ಮಾತು ಕಡೆಗೂ ದಾಖಲಾಗುತ್ತಿದೆ.

ಅದು ತುಂಬುವವರೆಗೆ ನಮ್ಮ ಹಿರಿಯರ ನೆನಪೇ ನಮಗೆ ಆಸರೆ. ತಂದೆತಾಯಿಗಳು ಊರಿಗೆ ಮರಳಲು ವಿಮಾನ ಹತ್ತುವ ಮೊದಲು, ಒಂದು ಸಂಜೆ ಟೆಲಿವಿಷನ್ ಆರಿಸಿ, ಕಾಗದ ಪೆನ್ಸಿಲ್ ಹಿಡಿದು ಅವರ ಮುಂದೆ ಕುಳಿತುಕೊಳ್ಳಿ. ಮೊಮ್ಮಕ್ಕಳನ್ನೂ ಕೂರಿಸಿಕೊಳ್ಳಿ.