ದೆವ್ವವಿಲ್ಲದ ಮನೆಯ ಭಯ

ಗಾಥಿಕ್ ಕಾದಂಬರಿ ಎಂದೊಡನೆ ನಮ್ಮ ಕಣ್ಣೆದುರು ಬಂದು ನಿಲ್ಲುವುದು ಪಾಳುಬಿದ್ದ ಕೋಟೆ, ಕತ್ತಲೆಯ ನೆಲಮಾಳಿಗೆ, ನಡುರಾತ್ರಿಯ ಚೀತ್ಕಾರ. 1764ರಲ್ಲಿ ಹೊರೇಸ್ ವಾಲ್ಪೋಲ್ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ವನ್ನು ಪ್ರಕಟಿಸಿದಂದಿನಿಂದ ಈ ಸಾಮಗ್ರಿ ಕೈಯಿಂದ ಕೈಗೆ ಸಾಗಿ ಸಾಕಷ್ಟು ಸವೆದಿದೆ. ಇಂದು ನಾನು ಮಾತನಾಡಬೇಕೆಂದಿರುವ ಕಾದಂಬರಿಯಲ್ಲಿ ಕೋಟೆಯಿಲ್ಲ, ದೆವ್ವವೂ ಇಲ್ಲ. ಇರುವುದು ಒಂದು ದೊಡ್ಡ ಮನೆ. ಅಲ್ಲಿ ಹೊತ್ತಿಗೆ ಸರಿಯಾಗಿ ಚಹಾ ಬರುತ್ತದೆ. ಕೋಣೆಗಳಲ್ಲಿ ಹೊಸ ಹೂಗಳಿರುತ್ತವೆ. ಆದರೂ ಓದುಗ ಹೆದರುತ್ತಾನೆ. 1938ರಲ್ಲಿ ಪ್ರಕಟವಾದ ಈ ಕಾದಂಬರಿ ಡಾಫ್ನೆ ಡು ಮಾರಿಯೆ ಅವರ ‘ರೆಬೆಕ್ಕಾ’.

ದಿಕ್ಕಿಲ್ಲದ ಹುಡುಗಿಯೊಬ್ಬಳು ಶ್ರೀಮಂತ ಅಮೆರಿಕನ್ ಮಹಿಳೆಯ ಬಳಿ ಸಂಬಳಕ್ಕಿದ್ದಾಳೆ. ಮಾಂಟೆ ಕಾರ್ಲೋದ ಹೋಟೆಲೊಂದರಲ್ಲಿ ಮ್ಯಾಕ್ಸಿಮ್ ಡಿ ವಿಂಟರ್ ಎಂಬ ವಿಧುರನ ಪರಿಚಯವಾಗಿ, ಕೆಲವೇ ವಾರಗಳಲ್ಲಿ ಅವನ ಕೈಹಿಡಿದು, ಇಂಗ್ಲೆಂಡಿನ ಕಡಲಂಚಿನಲ್ಲಿರುವ ಮ್ಯಾಂಡರ್ಲಿ ಎಂಬ ಅವನ ಮನೆತನದ ಮನೆಗೆ ಬರುತ್ತಾಳೆ. ಮೊದಲ ಹೆಂಡತಿ ರೆಬೆಕ್ಕಾ ದೋಣಿ ಮುಳುಗಿ ಸತ್ತಿದ್ದಾಳೆಂದು ಎಲ್ಲರೂ ಬಲ್ಲರು. ಕಥೆಯನ್ನು ಹೇಳುವವಳು ಈ ಎರಡನೆಯವಳು. ಅವಳ ಹೆಸರೇನೆಂದು ಕಾದಂಬರಿಯ ಕೊನೆಯವರೆಗೂ ನಮಗೆ ತಿಳಿಯುವುದಿಲ್ಲ. ಸತ್ತವಳ ಹೆಸರಾದರೋ ಪುಸ್ತಕದ ರಕ್ಷಾಪುಟದ ಮೇಲೆಯೇ ಇದೆ.

ನನಗೆ ಬಹಳ ಹಿಡಿಸುವ ಭಾಗಗಳು ಮನೆಯ ದಿನಚರಿಗೆ ಸೇರಿದವು. ಹೊಸ ಯಜಮಾನಿ ಬೆಳಗಿನ ಕೋಣೆಯಲ್ಲಿ ಮೇಜಿನ ಮುಂದೆ ಕುಳಿತುಕೊಳ್ಳುತ್ತಾಳೆ. ಅದರ ಗೂಡುಗಳಿಗೆಲ್ಲ ಚೀಟಿ ಅಂಟಿಸಿದೆ. ಎಲ್ಲವೂ ರೆಬೆಕ್ಕಾಳ ಓರೆ ಬರವಣಿಗೆಯಲ್ಲಿ. ದೂರವಾಣಿ ಬಾರಿಸುತ್ತದೆ. ಡಿ ವಿಂಟರ್ ಅವರ ಪತ್ನಿಯೇ ಎಂದು ಯಾರೋ ಕೇಳುತ್ತಾರೆ. ಆಕೆ ತೀರಿಕೊಂಡು ವರ್ಷವಾಯಿತಲ್ಲ ಎಂದು ಇವಳು ಉತ್ತರ ಕೊಟ್ಟುಬಿಡುತ್ತಾಳೆ! ಕೇಳಿದವಳು ಮನೆವಾರ್ತೆಯ ಶ್ರೀಮತಿ ಡ್ಯಾನ್‌ವರ್ಸ್, ಕೇಳಿದ್ದು ಇವಳನ್ನೇ. ಮತ್ತೊಂದು ದಿನ ಪಿಂಗಾಣಿಯ ಬೊಂಬೆಯೊಂದು ಇವಳ ಕೈತಪ್ಪಿ ಒಡೆಯುತ್ತದೆ. ಚೂರುಗಳನ್ನು ಲಕೋಟೆಯೊಳಗೆ ಹಾಕಿ ಮೇಜಿನ ಖಾನೆಯ ಹಿಂಬದಿಯಲ್ಲಿ ಬಚ್ಚಿಡುತ್ತಾಳೆ, ಆಳುಗಳಿಗೆ ಹೆದರಿದ ಯಜಮಾನಿ.

ನಮ್ಮ ಆಲಂಕಾರಿಕರು ಭಯಾನಕ ರಸಕ್ಕೆ ಭಯವನ್ನು ಸ್ಥಾಯಿಯೆಂದರು. ಅಸೂಯೆಯನ್ನು ಬಂದುಹೋಗುವ ಸಂಚಾರಿ ಭಾವಗಳ ಸಾಲಿನಲ್ಲಿಟ್ಟರು. ಈ ಕಾದಂಬರಿಯಲ್ಲಿ ಅಸೂಯೆಯೇ ಮನೆಮಾಡಿಕೊಂಡು ಕುಳಿತಿದೆ. ಭಯ ಅದರ ಬೆನ್ನಿಗೆ ಬಂದದ್ದು. ಇದನ್ನು ಪ್ರೇಮಕಥೆಯೆಂದು ಮೆಚ್ಚಿದವರ ಮಾತು ಲೇಖಕಿಗೆ ರುಚಿಸುತ್ತಿರಲಿಲ್ಲ. ಅವರ ದೃಷ್ಟಿಯಲ್ಲಿ ಇದು ಅಸೂಯೆಯ ಅಧ್ಯಯನ. ಸೈನ್ಯಾಧಿಕಾರಿಯಾದ ಗಂಡನೊಡನೆ ಈಜಿಪ್ಟಿನ ಅಲೆಗ್ಸಾಂಡ್ರಿಯದ ಸೆಕೆಯಲ್ಲಿದ್ದಾಗ, ಕಾರ್ನ್‌ವಾಲಿನ ಹಸಿರಿಗೆ ಹಂಬಲಿಸುತ್ತ ಅವರು ಇದನ್ನು ಬರೆಯತೊಡಗಿದರು. ಗಂಡನಿಗೆ ಹಿಂದೆ ನಿಶ್ಚಯವಾಗಿದ್ದ ಹೆಣ್ಣೊಬ್ಬಳ ನೆನಪು ಅವರನ್ನು ಕೊರೆಯುತ್ತಿತ್ತೆಂದು ಜೀವನಚರಿತ್ರಕಾರರು ಬರೆದಿದ್ದಾರೆ. ಮ್ಯಾಂಡರ್ಲಿಗೆ ಪ್ರೇರಣೆಯಾದ ಮೆನಬಿಲಿ ಎಂಬ ಮನೆಯನ್ನು 1943ರಲ್ಲಿ ಗುತ್ತಿಗೆಗೆ ಪಡೆದು ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಅಲ್ಲಿ ಬಾಳಿದರು. ಮನೆ ಮಾತ್ರ ಕೊನೆಯವರೆಗೂ ಪರರ ಸೊತ್ತೇ.

ಇಂಗ್ಲಿಷ್ ಬಾರದ ನನ್ನ ಸೋದರತ್ತೆಗೆ ಒಂದು ಬೇಸಗೆಯಲ್ಲಿ ಈ ಕಥೆಯನ್ನು ಹೇಳಿದ್ದೆ. ಅವರು ಎರಡನೆಯ ಸಂಬಂಧಕ್ಕೆ ಹೋಗಿದ್ದವರು. ಕಡಲು, ದೋಣಿ, ಸಾವು ಯಾವುದರ ಬಗೆಗೂ ಅವರು ವಿಚಾರಿಸಲಿಲ್ಲ. “ಅಲ್ಲವೋ, ಆ ಮನೆಯ ಬೀಗದಕೈ ಯಾರ ಕೈಲಿತ್ತು?” ಎಂದರು. ಡ್ಯಾನ್‌ವರ್ಸ್ ಕೈಯಲ್ಲಿ ಎಂದೆ. “ಹಾಗಾದರೆ ಸರಿ” ಎಂದು ಸುಮ್ಮನಾದರು. ಈ ಕೃತಿಯ ಮೇಲಿನ ಎಷ್ಟೋ ವಿಮರ್ಶೆಗಳು ಇಷ್ಟು ನೇರವಾಗಿ ಒಳಹೊಕ್ಕಿಲ್ಲ.

ಇನ್ನು ಮುಂದಿನ ಮಾತಿಗೆ ಗುಟ್ಟನ್ನು ಬಿಚ್ಚಿಡದೆ ಗತ್ಯಂತರವಿಲ್ಲ; ಓದದಿರುವವರು ಕ್ಷಮಿಸಬೇಕು. ಮುಳುಗಿದ ದೋಣಿ ದೊರೆಯುತ್ತದೆ. ಅದರೊಳಗೆ ರೆಬೆಕ್ಕಾಳ ಶವವಿದೆ. ತಾನೇ ಅವಳನ್ನು ಗುಂಡಿಟ್ಟು ಕೊಂದೆನೆಂದೂ ಅವಳನ್ನು ಎಂದೂ ಪ್ರೀತಿಸಲಿಲ್ಲವೆಂದೂ ಮ್ಯಾಕ್ಸಿಮ್ ಹೊಸ ಹೆಂಡತಿಗೆ ಹೇಳುತ್ತಾನೆ. ಅವಳ ಕಿವಿಗೆ ಬೀಳುವುದು ಎರಡನೆಯ ಮಾತು ಮಾತ್ರ. ಅವನು ರೆಬೆಕ್ಕಾಳನ್ನು ಪ್ರೀತಿಸಿರಲಿಲ್ಲ! ಅವಳ ಎದೆ ಹಗುರಾಗುತ್ತದೆ. ಇಪ್ಪತ್ತರ ಪ್ರಾಯದಲ್ಲಿ ಗ್ರಂಥಾಲಯದ ಹರಿದ ಪ್ರತಿಯಲ್ಲಿ ಈ ಅಧ್ಯಾಯವನ್ನೋದಿದಾಗ ನನ್ನ ಎದೆಯೂ ಹಗುರಾಗಿತ್ತು. ಮ್ಯಾಕ್ಸಿಮ್ ಸಿಕ್ಕಿಬೀಳಬಾರದೆಂದು ಪುಟಪುಟಕ್ಕೂ ಹಾರೈಸಿದ್ದೆ.

ಬಹಳ ವರ್ಷಗಳ ಮೇಲೆ ಮತ್ತೆ ಓದಿದಾಗ ಆ ಹಾರೈಕೆ ನನ್ನನ್ನೇ ನಾಚಿಸಿತು. ರೆಬೆಕ್ಕಾ ಕೆಟ್ಟವಳೆಂದು ಹೇಳುವವನು ಯಾರು? ಅವಳನ್ನು ಕೊಂದವನು. ಅದನ್ನು ನಂಬಿ ನಮಗೆ ಒಪ್ಪಿಸುವವಳು ಯಾರು? ಅವಳ ಜಾಗದಲ್ಲಿ ಕುಳಿತವಳು. ಸತ್ತವಳ ಪರವಾಗಿ ಮಾತನಾಡಲು ಉಳಿದವರು ನಾವು ದ್ವೇಷಿಸುವ ಡ್ಯಾನ್‌ವರ್ಸ್ ಮತ್ತು ದುಡ್ಡಿಗೆ ಬಾಯಿಬಿಡುವ ಒಬ್ಬ ಲಂಪಟ. ಓದುಗನನ್ನು ಎಳ್ಳಷ್ಟೂ ಒತ್ತಾಯಿಸದೆ ಒಂದು ಕೊಲೆಯ ಪಕ್ಷಕ್ಕೆ ಒಯ್ದು ನಿಲ್ಲಿಸುತ್ತಾರೆ ಲೇಖಕಿ. ಮ್ಯಾಂಡರ್ಲಿಯ ಯಾವ ಕತ್ತಲೆಯೂ ನನಗೆ ಇಷ್ಟು ಭಯ ಹುಟ್ಟಿಸಲಿಲ್ಲ.

1940ರಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ಇದನ್ನು ಚಿತ್ರವಾಗಿಸಿದಾಗ, ಕೊಂದ ಗಂಡ ಶಿಕ್ಷೆಯಿಲ್ಲದೆ ಉಳಿಯುವುದನ್ನು ಹಾಲಿವುಡ್ಡಿನ ಅಂದಿನ ನೀತಿಸಂಹಿತೆ ಒಪ್ಪಲಿಲ್ಲ. ಚಿತ್ರದಲ್ಲಿ ರೆಬೆಕ್ಕಾ ಎಡವಿ ಬಿದ್ದು ಸಾಯುತ್ತಾಳೆ. ಆ ವರ್ಷದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ಆಸ್ಕರ್ ಅದಕ್ಕೆ ದೊರೆಯಿತು; ಚಿತ್ರವೂ ಸೊಗಸಾಗಿದೆ. ಆದರೆ ನನ್ನಂಥ ಓದುಗರು ಗಮನಿಸದೆ ದಾಟಿದ್ದ ಕೊಲೆ ಸೆನ್ಸಾರಿನವರ ಕಣ್ಣಿಗೆ ಬಿದ್ದಿತ್ತೆಂಬುದು ತಮಾಷೆಯಲ್ಲವೆ? 1964ರ ‘ಕೊಹ್ರಾ’ ಎಂಬ ಹಿಂದಿ ಚಿತ್ರವೂ ಈ ಕಥೆಯಿಂದಲೇ ಹುಟ್ಟಿದ್ದು. ವಹೀದಾ ರೆಹಮಾನ್ ಮುಖ ನೆನಪಿರುವವರು ಈ ಕಾದಂಬರಿಯನ್ನು ಓದದೆಯೂ ಅರ್ಧ ಬಲ್ಲರು.

ಮುಗಿಸಿದ ಮೇಲೆ ನಾನು ಪ್ರತಿ ಸಲವೂ ಆರಂಭದ ಪುಟಗಳಿಗೆ ಮರಳುತ್ತೇನೆ. ಕಥೆಯ ಕೊನೆಯನ್ನು ಲೇಖಕಿ ಅಲ್ಲಿಯೇ ಇಟ್ಟಿದ್ದಾರೆ. ಮ್ಯಾಂಡರ್ಲಿ ಸುಟ್ಟುಹೋಗಿದೆ. ಗಂಡ ಹೆಂಡಿರು ಪರದೇಶದ ಸಾಧಾರಣ ಹೋಟೆಲೊಂದರಲ್ಲಿದ್ದಾರೆ. ತಾವು ಸುಖವಾಗಿದ್ದೇವೆನ್ನುತ್ತಾಳೆ. ತಡವಾಗಿ ಬರುವ ಇಂಗ್ಲಿಷ್ ಪತ್ರಿಕೆಗಳಿಂದ ಅವನಿಗೆ ಕ್ರಿಕೆಟ್ ವರದಿಗಳನ್ನು ಓದಿ ಹೇಳುತ್ತಾಳೆ. ಒಮ್ಮೆ ಕಾಡುಪಾರಿವಾಳಗಳ ಕುರಿತ ಬರೆಹವೊಂದನ್ನು ಗಟ್ಟಿಯಾಗಿ ಓದುತ್ತಿದ್ದಾಗ ಮ್ಯಾಂಡರ್ಲಿಯ ನೆನಪು ನುಗ್ಗಿ ಅವನ ಮುಖ ಬದಲಾಗಿತ್ತು. ಅಂದಿನಿಂದ ಅಂಥ ಪುಟಗಳನ್ನು ಅವಳು ತನ್ನೊಳಗೇ ಓದಿಕೊಳ್ಳುತ್ತಾಳೆ, ಅಂದು ಪಿಂಗಾಣಿಯ ಚೂರುಗಳನ್ನು ಬಚ್ಚಿಟ್ಟಂತೆ.