ಮಸೀಹ: ಒಂದೇ ಪದ, ಎರಡು ನಿರೀಕ್ಷೆ



ಒಂಬತ್ತನೇ ತರಗತಿಯ ಉರ್ದು ಪಾಠದಲ್ಲಿ ಒಮ್ಮೆ 'ಮಸೀಹಾ' ಎಂಬ ಪದ ಬಂತು. ಕಾಯಿಲೆ ವಾಸಿ ಮಾಡುವವನು ಎಂದು ಅರ್ಥ ಹೇಳಿ ಮುಂದೆ ಹೋಗುವವನಿದ್ದೆ. ಅಷ್ಟರಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಯಹೂದಿಯರೂ ಮಸೀಹರಿಗಾಗಿ ಕಾಯುತ್ತಿದ್ದರಂತೆ. ಈಸಾ ಅಲೈಹಿಸ್ಸಲಾಮರು ಬಂದಾಗ ಏಕೆ ಒಪ್ಪಲಿಲ್ಲ?" ಎಂದು ಕೇಳಿದಳು. "ಹಠ" ಎಂದು ಒಂದೇ ಮಾತಿನಲ್ಲಿ ಉತ್ತರಿಸಿ ಕೂರಿಸಿಬಿಟ್ಟೆ.

ಮನೆಗೆ ಹೋದ ಮೇಲೆ ಆ ಉತ್ತರ ನನ್ನನ್ನು ಕಾಡಿತು. ಈ ಬಗ್ಗೆ ಯಹೂದಿಯರೇ ಏನು ಹೇಳುತ್ತಾರೆಂದು ನಾನು ಓದಿಯೇ ಇರಲಿಲ್ಲ. ನಮ್ಮ ಧರ್ಮವನ್ನು ಓದದೆ ಅದರ ಬಗ್ಗೆ ಮಾತನಾಡುವವರನ್ನು ಕಂಡರೆ ನಮಗೆಷ್ಟು ನೋವಾಗುತ್ತದೆ! ನಾನು ಮಾಡಿದ್ದೂ ಅದನ್ನೇ. ನಮ್ಮ ವಿಶ್ವಾಸವೇನೆಂಬುದು ನಿಮಗೆ ಗೊತ್ತು. ಆದ್ದರಿಂದ ಇಂದು ಅವರಿಬ್ಬರ ಮಾತನ್ನಷ್ಟೇ ಹೇಳುತ್ತೇನೆ.

ಹೀಬ್ರೂ ಭಾಷೆಯ 'ಮಾಶಿಯಾಹ್' ಎಂದರೆ ಎಣ್ಣೆಯಿಂದ ಅಭಿಷೇಕಗೊಂಡವನು. ಬನೀ ಇಸ್ರಾಈಲರಲ್ಲಿ ತಲೆಗೆ ಎಣ್ಣೆ ಸುರಿದು ಅರಸರನ್ನೂ ಯಾಜಕರನ್ನೂ ನೇಮಿಸುತ್ತಿದ್ದರು. ತಾಲೂತರಿಗೂ ದಾವೂದ್(ಅ)ರಿಗೂ ಹೀಗೆಯೇ ಅಭಿಷೇಕವಾಯಿತೆಂದು ಬೈಬಲ್ ಹೇಳುತ್ತದೆ. ಯೆಶಾಯನ ಗ್ರಂಥದಲ್ಲಿ ಪರ್ಷಿಯಾದ ದೊರೆ ಸೈರಸನಿಗೂ ಇದೇ ಪದ ಬಂದಿದೆ. ಗ್ರೀಕ್ ಭಾಷೆಯಲ್ಲಿ ಅದು 'ಕ್ರಿಸ್ತೋಸ್' ಆಯಿತು. ಕ್ರಿಸ್ತ ಎಂಬುದು ಹೆಸರಲ್ಲ, ಮಸೀಹ ಎಂಬುದರ ಅನುವಾದ.

ದಾವೂದರ ಸಿಂಹಾಸನ ಬಿದ್ದುಹೋದ ಮೇಲೆ, ಅದೇ ವಂಶದ ಅರಸನೊಬ್ಬ ಬರುವನೆಂಬ ನಿರೀಕ್ಷೆ ಯಹೂದಿಯರಲ್ಲಿ ಬೇರೂರಿತು. 12ನೇ ಶತಮಾನದಲ್ಲಿ ಕೊರ್ಡೋಬಾದಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ಬಾಳಿದ ಮೂಸಾ ಬಿನ್ ಮೈಮೂನ್ (ಇವರ ಬಹುತೇಕ ಗ್ರಂಥಗಳು ಅರಬಿಯಲ್ಲಿವೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು) ಅವನ ಗುರುತುಗಳನ್ನು ಖಚಿತವಾಗಿ ಬರೆದಿಟ್ಟರು. ಅವನು ಮನುಷ್ಯನೇ, ಪವಾಡ ತೋರಿಸಬೇಕಾಗಿಲ್ಲ. ಚದುರಿದ ಜನರನ್ನು ಒಟ್ಟುಗೂಡಿಸಬೇಕು, ದೇವಾಲಯವನ್ನು ಮತ್ತೆ ಕಟ್ಟಬೇಕು. ಇದು ಕೈಗೂಡದೆ ಅವನು ಕೊಲ್ಲಲ್ಪಟ್ಟರೆ, ಕಾಯುತ್ತಿದ್ದವನು ಅವನಲ್ಲ. ಈ ಅಳತೆಗೋಲನ್ನು ಅವರು ಈಸಾ(ಅ)ರಿಗೆ ಮಾತ್ರ ಹಿಡಿದದ್ದಲ್ಲ. 132ರಲ್ಲಿ ರೋಮಿನ ವಿರುದ್ಧ ದಂಗೆಯೆದ್ದ ಬಾರ್ ಕೊಖ್ಬಾನನ್ನು ರಬ್ಬಿ ಅಕೀವಾರಂತಹ ಮಹಾ ವಿದ್ವಾಂಸರೇ ಮಸೀಹನೆಂದು ನಂಬಿದ್ದರು. 135ರಲ್ಲಿ ಅವನು ಸತ್ತ, ಆ ನಂಬಿಕೆಯೂ ಮುಗಿಯಿತು. ಇಂದಿನ ಸುಧಾರಣಾವಾದಿ ಯಹೂದಿಯರಲ್ಲಿ ಅನೇಕರು ಒಬ್ಬ ವ್ಯಕ್ತಿಗಿಂತ ಶಾಂತಿಯ ಯುಗವೊಂದನ್ನು ನಿರೀಕ್ಷಿಸುತ್ತಾರೆ.

ಕ್ರೈಸ್ತರು ಹೊರಡುವುದು ಇನ್ನೊಂದು ತುದಿಯಿಂದ. ಮೊದಲ ಶಿಷ್ಯರೂ ಯಹೂದಿಯರೇ, ಅವರೂ ಅರಸನನ್ನೇ ಕಾದಿದ್ದರು. ಕ್ರೈಸ್ತರ ನಂಬಿಕೆಯಂತೆ ಯೇಸು ಶಿಲುಬೆಯಲ್ಲಿ ಸತ್ತು ಮೂರನೆಯ ದಿನ ಎದ್ದು ಬಂದರು. ಆ ನಂಬಿಕೆ ಹುಟ್ಟಿದ ಮೇಲೆ ಅವರು ಹಳೆಯ ಗ್ರಂಥಗಳನ್ನೆಲ್ಲ ಮತ್ತೊಮ್ಮೆ ಓದಿದರು. ಬಿಡುಗಡೆಯೆಂದರೆ ರೋಮಿನಿಂದಲ್ಲ, ಪಾಪದಿಂದ ಎಂದರು, ಮಸೀಹರನ್ನು ದೇವಪುತ್ರರೆಂದರು. ಉಳಿದ ಭವಿಷ್ಯವಾಣಿಗಳು ಅವರು ಮರಳಿ ಬಂದಾಗ ನೆರವೇರುತ್ತವೆ. ಯೆಶಾಯ 53ನೇ ಅಧ್ಯಾಯದಲ್ಲಿ ನೋವುಣ್ಣುವ ಸೇವಕನೊಬ್ಬನ ವರ್ಣನೆಯಿದೆ. ಅದು ಯೇಸುವೇ ಎಂದು ಕ್ರೈಸ್ತರು; ಪರರಿಂದ ಹಿಂಸೆಪಟ್ಟ ಇಸ್ರಾಈಲ್ ಜನಾಂಗವೆಂದು ರಾಶಿಯಂತಹ ಯಹೂದಿ ವ್ಯಾಖ್ಯಾನಕಾರರು.

ಭಾಷೆ ಕಲಿಸುವ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಅದೇ ಗ್ರಂಥದ 7ನೇ ಅಧ್ಯಾಯದ 14ನೇ ವಚನ. ಗರ್ಭಿಣಿಯಾಗಿ ಮಗನನ್ನು ಹೆರುವವಳಿಗೆ ಅಲ್ಲಿರುವ ಹೀಬ್ರೂ ಪದ 'ಅಲ್ಮಾ', ಅಂದರೆ ಹರೆಯದ ಹೆಣ್ಣು. ಈಸಾ(ಅ)ರಿಗಿಂತ ಮೊದಲೇ ಯಹೂದಿಯರು ಮಾಡಿದ ಗ್ರೀಕ್ ಅನುವಾದದಲ್ಲಿ ಅದು 'ಪಾರ್ಥೆನೋಸ್', ಸಾಮಾನ್ಯವಾಗಿ ಕನ್ಯೆ ಎಂಬರ್ಥದ ಪದವಾಯಿತು. ಮತ್ತಾಯನ ಸುವಾರ್ತೆ ಆ ಗ್ರೀಕ್ ಮಾತನ್ನೇ ಎತ್ತಿಕೊಂಡಿತು. ಒಂದು ಪದದ ಅನುವಾದದ ಮೇಲೆ ಎರಡು ಸಮುದಾಯಗಳು ಇಷ್ಟು ಶತಮಾನ ವಾದಿಸಿವೆ! ಅನುವಾದದ ಪ್ರಶ್ನೆಗೆ ಎರಡೇ ಅಂಕವೆಂದು ಬಿಟ್ಟುಬಿಡುವ ಮಕ್ಕಳಿಗೆ ನಾನೀಗ ಈ ಕಥೆ ಹೇಳುತ್ತೇನೆ.

1263ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಅರಗಾನಿನ ಅರಸ ಜೇಮ್ಸ್‌ನ ಮುಂದೆ ಇದೇ ವಿಷಯದ ಮೇಲೆ ಚರ್ಚೆ ನಡೆಯಿತು. ಯಹೂದಿಯರ ಪರವಾಗಿ ನಿಂತವರು ರಬ್ಬಿ ನಹ್ಮಾನಿಡೀಸ್. ಮಸೀಹ ಬಂದರೆ ಯುದ್ಧ ನಿಲ್ಲಬೇಕಿತ್ತು, ಭೂಮಿಯ ಮೇಲೆ ರಕ್ತ ಇನ್ನೂ ಹರಿಯುತ್ತಿದೆಯಲ್ಲ ಎಂಬುದು ಅವರ ವಾದ. ಅರಸ ಮೆಚ್ಚಿ ಹಣ ಕೊಟ್ಟನೆಂದು ಅವರೇ ಬರೆದುಕೊಂಡಿದ್ದಾರೆ. ಆದರೂ ಮುಂದೆ ಅವರು ದೇಶ ಬಿಡಬೇಕಾಯಿತು. 1267ರಲ್ಲಿ ಜೆರುಸಲೇಮ್ ತಲುಪಿದರು.

ನಾನು ಹೇಳಿದ 'ಹಠ' ಎಂಬ ಉತ್ತರಕ್ಕೂ ಒಂದು ಇತಿಹಾಸವಿದೆ. ಸ್ಟ್ರಾಸ್‌ಬರ್ಗಿನ ಮಹಾ ಚರ್ಚಿಗಾಗಿ 13ನೇ ಶತಮಾನದಲ್ಲಿ ಯಹೂದಿ ಧರ್ಮವನ್ನು ಕಣ್ಣಿಗೆ ಬಟ್ಟೆ ಕಟ್ಟಿದ ಹೆಣ್ಣಾಗಿ ಕೆತ್ತಿದರು. ನೋಡಲೊಲ್ಲದವರು ಎಂದು ಅದರ ಅರ್ಥ. ಯೇಸುವಿನ ಮರಣದ ಹೊಣೆಯನ್ನು ಎಲ್ಲ ಯಹೂದಿಯರ ಮೇಲೆ ಹೊರಿಸಬಾರದೆಂದು ಕ್ಯಾಥೊಲಿಕ್ ಸಭೆ ಸ್ಪಷ್ಟವಾಗಿ ಸಾರಿದ್ದು 1965ರಲ್ಲಿ. ಅಷ್ಟರೊಳಗೆ ಯುರೋಪಿನಲ್ಲಿ ಎಷ್ಟು ಮನೆಗಳು ಉರಿದಿದ್ದವು!

ಮರುವಾರ ತರಗತಿಯಲ್ಲಿ ನನ್ನ ಉತ್ತರ ಸರಿಯಿರಲಿಲ್ಲವೆಂದು ಹೇಳಿ, ಇಷ್ಟನ್ನೂ ವಿವರಿಸಿದೆ. ಅದೇ ಹುಡುಗಿ ಮತ್ತೆ ಎದ್ದಳು. "ಸರ್, ಯಹೂದಿಯರು ಮೊದಲನೆಯ ಬರುವಿಕೆಯಲ್ಲಿ ಕೇಳುವುದನ್ನೇ ಕ್ರೈಸ್ತರು ಎರಡನೆಯದರಲ್ಲಿ ಕಾಯುತ್ತಿದ್ದಾರಲ್ಲವೇ?" ಬಹುಮಟ್ಟಿಗೆ ಹೌದಮ್ಮ ಎಂದೆ. ಗಂಟೆ ಹೊಡೆಯಿತು, ಪಾಠ ಆ ದಿನವೂ ಮುಗಿಯಲಿಲ್ಲ.